ಏಳು ಸಿಸ್ಟಮ್ ಜೋಡಿಸಿದರೂ ಬಿಲ್ಡ್ ಯಾಕೆ ಓಡಲಿಲ್ಲ: ಬಳ್ಳಾರಿಯ ಒಂದು ಡಿಸ್ಟ್‌ಸಿಸಿ ಪ್ರಕರಣ

ನಮ್ಮದು ಮೂರೇ ಜನರ ಕೆಲಸ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಮಿಲ್ಲುಗಳ ಕಾಟಾಗೆ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ಭತ್ತದ ಲಾರಿ ಕಾಟಾ ಮೇಲೆ ನಿಲ್ಲುತ್ತದೆ, ಸೀರಿಯಲ್ ಪೋರ್ಟಿನಿಂದ ತೂಕ ಬರುತ್ತದೆ, ಕ್ಯಾಮೆರಾ ಲಾರಿಯ ಫೋಟೊ ಹಿಡಿಯುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ. ಅಷ್ಟೇ. ಎಲ್ಲಾ ಸಿ ಪ್ಲಸ್ ಪ್ಲಸ್, ಲಿನಕ್ಸ್ ಮೇಲೆ. ಫೋಟೊ ಕೆಲಸಕ್ಕೆ ಓಪನ್‌ಸಿವಿ ಅನ್ನುವ ಸಿದ್ಧ ಕೋಡ್ ಸಂಗ್ರಹ ಬಳಸುತ್ತೇವೆ. ಮಿಲ್ಲಿನ ಸಿಸ್ಟಮ್‌ಗಳಲ್ಲಿ ಒಂದೊಂದರಲ್ಲಿ ಒಂದೊಂದು ಲಿನಕ್ಸ್ ಇರುತ್ತದಲ್ವಾ, ಹಾಗಾಗಿ ಓಪನ್‌ಸಿವಿಯನ್ನು ನಾವೇ ಮೂಲ ಕೋಡಿನಿಂದ ಕಂಪೈಲ್ ಮಾಡಿ, ಅಂದರೆ ಪ್ರಾಸೆಸರ್‌ಗೆ ಅರ್ಥವಾಗುವ ರೂಪಕ್ಕೆ ತಂದು, ನಮ್ಮ ಪ್ರೋಗ್ರಾಮಿನೊಳಗೇ ಸೇರಿಸಿ ಕೊಡುತ್ತೇವೆ.

ಏಪ್ರಿಲ್‌ನಲ್ಲಿ, ಎರಡನೇ ಬೆಳೆಯ ಭತ್ತ ಬರುವ ಹೊತ್ತಿಗೆ, ಸಿರುಗುಪ್ಪ ಕಡೆಯ ಒಂದು ಮಿಲ್ಲಿನಿಂದ ಫೋನ್ ಶುರುವಾಯಿತು. "ಫೋಟೊ ಬಟನ್ ಒತ್ತಿದ್ರ ಎಲ್ಲಾ ಮುಚ್ಕೊಂಡು ಹೋಗ್ತದಣ್ಣ." ಬೇರೆ ಮಿಲ್ಲುಗಳಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ನಾವು ಕ್ಯಾಮೆರಾ ಮೇಲೆ ಅನುಮಾನಪಟ್ಟೆವು. ಓಪನ್‌ಸಿವಿಯ ಒಂದು ಆಯ್ಕೆ ಬದಲಿಸು, ಪೂರ್ತಿ ಬಿಲ್ಡ್ ಮಾಡು (ಎಲ್ಲಾ ಕೋಡ್ ಮತ್ತೆ ಕಂಪೈಲ್ ಮಾಡಿ ಪ್ರೋಗ್ರಾಂ ಕಟ್ಟುವುದು), ಕಳಿಸು, ಅವರು ಒತ್ತಿ ನೋಡಲಿ, ಮತ್ತೆ ಫೋನ್. ಒಂದು ಪೂರ್ತಿ ಬಿಲ್ಡ್‌ಗೆ ನಮ್ಮ ಮುಖ್ಯ ಸಿಸ್ಟಮ್‌ನಲ್ಲಿ, ಅಂದರೆ ನಾಲ್ಕು ಕೋರ್‌ನ ಐ5 ಮೇಲೆ, 34 ನಿಮಿಷ. ದಿನಕ್ಕೆ ಆರು ಸಲ ಪ್ರಯತ್ನ ಮಾಡಿದರೆ ಅಲ್ಲಿಗೆ ದಿನ ಮುಗಿಯಿತು. ಕಾಯುವಾಗ ಮಾಡುವುದೇನು, ಕೆಳಗೆ ಹೋಗಿ ಚಹಾ.

ಆ ಚಹಾದಲ್ಲೇ ಐಡಿಯಾ ಬಂತು: ಕಂಪೈಲ್ ಕೆಲಸವನ್ನು ಹಲವು ಸಿಸ್ಟಮ್‌ಗಳಿಗೆ ಹಂಚುವ ಡಿಸ್ಟ್‌ಸಿಸಿ ಅನ್ನುವ ಪ್ರೋಗ್ರಾಂ ಬಳಸೋಣ ಅಂತ. ನಮ್ಮ ಆಫೀಸ್ ಕೌಲ್ ಬಜಾರಿನಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲಿದೆ. ಆ ಅಂಗಡಿ ಮೊದಲು ಸೈಬರ್ ಕೆಫೆ. ಹಿಂದಿನ ಕೋಣೆಯಲ್ಲಿ ಏಳು ಸಿಸ್ಟಮ್ ಬಟ್ಟೆ ಹೊದ್ದು ಕೂತಿದ್ದವು. ಐದು ನಾಲ್ಕನೇ ತಲೆಮಾರಿನ ಐ3, ಎರಡು ಅದಕ್ಕಿಂತ ಹಳೇ ಕೋರ್ 2 ಡ್ಯುಯೊ. ಅಂಗಡಿ ಅಣ್ಣನನ್ನು ಕೇಳಿದರೆ, "ಬಳಸ್ರಪಾ, ಕರೆಂಟ್ ಬಿಲ್ ಮಾತ್ರ ನಿಮ್ದು" ಅಂದರು.

ಡಿಸ್ಟ್‌ಸಿಸಿ ಏನು ಮಾಡುತ್ತದೆ ಅನ್ನುವುದನ್ನು ಇಲ್ಲಿ ಸರಿಯಾಗಿ ಹೇಳಬೇಕು, ಯಾಕಂದರೆ ಮುಂದಿನ ಗೋಳೆಲ್ಲ ಇದರ ಮೇಲೇ ನಿಂತಿದೆ. ಮದುವೆ ಮನೆಯಲ್ಲಿ ಜೋಳದ ರೊಟ್ಟಿ ಮಾಡುವುದನ್ನು ನೋಡಿದ್ದೀರಲ್ಲ. ಒಬ್ಬಾಕೆ ಹಿಟ್ಟು ನಾದಿ ಉಂಡೆ ಮಾಡಿ ಕೊಡುತ್ತಾಳೆ, ಸುತ್ತ ಕೂತವರು ಬಡಿದು ತಮ್ಮ ತಮ್ಮ ಹೆಂಚಿನ ಮೇಲೆ ಸುಡುತ್ತಾರೆ, ಸುಟ್ಟದ್ದೆಲ್ಲ ವಾಪಸ್ ಒಂದೇ ಬುಟ್ಟಿಗೆ ಬರುತ್ತದೆ. ಇಲ್ಲಿ ನಾದುವುದು ಪ್ರೀಪ್ರಾಸೆಸ್: ಕೋಡ್ ಕರೆಯುವ ಹೆಡರ್ ಫೈಲುಗಳನ್ನೆಲ್ಲ (ಬೇರೆ ಕೋಡಿನ ಪರಿಚಯ ಇರುವ ಫೈಲುಗಳು) ಒಳಗೆ ತುಂಬಿ ಒಂದೇ ದೊಡ್ಡ ಫೈಲ್ ಮಾಡುವುದು. ಇದು ಮುಖ್ಯ ಸಿಸ್ಟಮ್‌ನಲ್ಲೇ ಆಗುತ್ತದೆ. ಆ ಉಂಡೆಯನ್ನು ನೆಟ್‌ವರ್ಕಿನಲ್ಲಿ ಇನ್ನೊಂದು ಸಿಸ್ಟಮ್‌ಗೆ ಕಳಿಸುತ್ತದೆ. ಅದು ಕಂಪೈಲ್ ಮಾಡಿ ಆಬ್ಜೆಕ್ಟ್ ಫೈಲ್, ಅಂದರೆ ಸುಟ್ಟ ರೊಟ್ಟಿ, ವಾಪಸ್ ಕೊಡುತ್ತದೆ. ಕೊನೆಗೆ ಲಿಂಕ್ ಮಾಡುವುದು, ಅಂದರೆ ಬುಟ್ಟಿಗೆ ಒಟ್ಟುವುದು, ಮತ್ತೆ ಮುಖ್ಯ ಸಿಸ್ಟಮ್‌ನಲ್ಲೇ. ಇದರ ಲಾಭ ಏನಂದರೆ ಸಹಾಯಕ ಸಿಸ್ಟಮ್‌ಗಳಲ್ಲಿ ನಮ್ಮ ಕೋಡ್ ಇರಬೇಕಿಲ್ಲ, ಓಪನ್‌ಸಿವಿ ಹೆಡರ್‌ಗಳೂ ಬೇಕಿಲ್ಲ, ಕಂಪೈಲರ್ ಒಂದಿದ್ದರೆ ಸಾಕು. ಮಾರ್ಟಿನ್ ಪೂಲ್ ಅನ್ನುವವರು 2002ರಲ್ಲಿ ಬಿಟ್ಟ ಪ್ರೋಗ್ರಾಂ ಇದು. ಇವತ್ತಿಗೂ ಇದರ ಚೆಂದ ಇರುವುದು ಈ ಸರಳತನದಲ್ಲೇ.

ಇನ್ನೊಂದು ಗುಣವೂ ಇದೆ ಇದಕ್ಕೆ. ಕೆಲಸ ಹೊರಗೆ ಕಳಿಸಲು ಆಗದಿದ್ದರೆ ಗಲಾಟೆ ಮಾಡುವುದಿಲ್ಲ. ತಾನೇ ಮಾಡಿ ಮುಗಿಸುತ್ತದೆ. ಸಹಾಯಕ ಸಿಸ್ಟಮ್ ಸಿಗಲಿಲ್ಲವಾ, ಇಲ್ಲೇ ಕಂಪೈಲ್. ಅಲ್ಲಿ ಎರರ್ ಬಂತಾ, ಇಲ್ಲಿ ಇನ್ನೊಂದು ಸಲ ಕಂಪೈಲ್. ಬಿಲ್ಡ್ ಯಾವತ್ತೂ ನಿಲ್ಲುವುದಿಲ್ಲ. ಒಳ್ಳೆಯದೇ, ಆದರೆ ಹೊಸದಾಗಿ ಹೊಂದಿಸುವವನಿಗೆ ಇದರಷ್ಟು ಮೋಸದ ಒಳ್ಳೆಯತನ ಇನ್ನೊಂದಿಲ್ಲ. ಮನೆಯಲ್ಲಿ ಎಲ್ಲಾ ಕೆಲಸ ತಾನೇ ಮಾಡಿ "ಏನಿಲ್ಲ ಬಿಡು" ಅನ್ನುವ ಅತ್ತಿಗೆಯ ಹಾಗೆ. ಯಾರು ಏನೂ ಮಾಡಿಲ್ಲ ಅಂತ ನಮಗೆ ಗೊತ್ತೇ ಆಗುವುದಿಲ್ಲ.

ನಮ್ಮ ಹುಡುಗ ಎರಡು ದಿನ ಕೂತು ಏಳೂ ಸಿಸ್ಟಮ್‌ಗೆ ಉಬುಂಟು ಹಾಕಿದ. ಡಿಸ್ಟ್‌ಸಿಸಿ ಹಾಕಿದ. ಮುಖ್ಯ ಸಿಸ್ಟಮ್‌ನ ಹೋಸ್ಟ್ಸ್ ಫೈಲಿನಲ್ಲಿ, ಅಂದರೆ ಸಹಾಯಕರ ಪಟ್ಟಿಯಲ್ಲಿ, ಏಳು ಐಪಿ (ನೆಟ್‌ವರ್ಕ್ ವಿಳಾಸ) ಬರೆದ, ಬಿಲ್ಡ್ ಹೊಂದಿಸುವ ಸಿಮೇಕ್‌ಗೆ ಕಂಪೈಲರ್ ಲಾಂಚರ್ ಅಂತ ಡಿಸ್ಟ್‌ಸಿಸಿ ತೋರಿಸಿದ, ಬಿಲ್ಡ್ ಓಡಿಸುವ ಮೇಕ್‌ಗೆ ಒಟ್ಟಿಗೆ 24 ಕೆಲಸ ಅಂತ ಹೇಳಿದ. ಓಡಿಸಿದೆವು. ಒಂದೂ ಎರರ್ ಇಲ್ಲದೆ ಮುಗಿಯಿತು. 35 ನಿಮಿಷ.

ಹೌದು, ಒಂದು ನಿಮಿಷ ಜಾಸ್ತಿ. ಕೆಳಗಿನ ಕೋಣೆಗೆ ಹೋಗಿ ನೋಡಿದರೆ ಏಳೂ ಫ್ಯಾನ್ ತಣ್ಣಗೆ ತಿರುಗುತ್ತಿದ್ದವು. ಕೆಲಸ ಮಾಡುವ ಸಿಸ್ಟಮ್‌ನ ಫ್ಯಾನ್ ಬಳ್ಳಾರಿ ಏಪ್ರಿಲ್‌ನಲ್ಲಿ ಹಾಗೆ ತಿರುಗುವುದಿಲ್ಲ!

ಮೊದಲು ಮಾಡಬೇಕಿದ್ದದ್ದು ಆಗ ಮಾಡಿದೆವು. ಡಿಸ್ಟ್‌ಸಿಸಿಯ ಫಾಲ್‌ಬ್ಯಾಕ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಸೊನ್ನೆ ಮಾಡಿದರೆ, ಹೊರಗೆ ಕಳಿಸಲು ಆಗದ ಕೆಲಸವನ್ನು ಅದು ತಾನೇ ಮಾಡುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಸೊನ್ನೆ ಮಾಡಿದೆವು. ಮೊದಲ ಫೈಲಿಗೇ ಬಿತ್ತು. ಕನೆಕ್ಷನ್ ರಿಫ್ಯೂಸ್ಡ್. ಆಮೇಲೆ ಹಳೇ ಲಾಗ್ ತೆಗೆದು ನೋಡಿದರೆ ಈ ಎಚ್ಚರಿಕೆ ಮೊದಲ ಸಲವೂ ಬಂದಿತ್ತು, ಸಾವಿರಾರು ಸಾಲುಗಳ ನಡುವೆ ಹರಿದು ಹೋಗಿತ್ತು.

ಕಾರಣ ಸಣ್ಣದು. ಉಬುಂಟುವಿನಲ್ಲಿ ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರಿನಲ್ಲಿ ಡಿಸ್ಟ್‌ಸಿಸಿ ಅನ್ನುವ ಫೈಲ್ ಇರುತ್ತದೆ. ಅದರಲ್ಲಿ ಲಿಸನರ್ ಅನ್ನುವ ಸಾಲು 127.0.0.1 ಅಂತ ಇರುತ್ತದೆ. ಅಂದರೆ ಸರ್ವರ್ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತದೆ, ಹೊರಗಿನವರದ್ದು ಕೇಳುವುದಿಲ್ಲ. ಯಾರಿಗೆ ಅನುಮತಿ ಅಂತ ಹೇಳುವ ಅಲೌಡ್‌ನೆಟ್ಸ್ ಸಾಲು ಕೂಡ ಹಾಗೇ. ಇವೆರಡನ್ನೂ ಬದಲಿಸಿ 3632 ಪೋರ್ಟ್ ತೆರೆದರೆ ಬಾಗಿಲು ತೆರೆಯಿತು. ಈ ಡಿಫಾಲ್ಟ್‌ಗೆ ಬೈಯುವ ಮುಂಚೆ ಒಂದು ಮಾತು. ಡಿಸ್ಟ್‌ಸಿಸಿ ಸರ್ವರ್‌ಗೆ ಪಾಸ್‌ವರ್ಡ್ ಅಂತ ಏನೂ ಇಲ್ಲ. ಯಾರಿಗೆ ಪೋರ್ಟ್ ಸಿಗುತ್ತದೋ ಅವರು ಆ ಸಿಸ್ಟಮ್ ಮೇಲೆ ಕಮಾಂಡ್ ಓಡಿಸಬಹುದು ಅನ್ನುವ ದೋಷ ಸಿವಿಇ ಅನ್ನುವ ಸಾಫ್ಟ್‌ವೇರ್ ಭದ್ರತಾ ದೋಷಗಳ ಪಟ್ಟಿಯಲ್ಲಿ 2004ರಲ್ಲೇ ಇದೆ. ಕೆಳಗಿನ ಅಂಗಡಿಯ ವೈಫೈಯನ್ನು ಝೆರಾಕ್ಸ್‌ಗೆ ಬಂದವರೆಲ್ಲ ಬಳಸುತ್ತಾರೆ. ಹಾಗಾಗಿ ನಾವು ಇಡೀ ನೆಟ್‌ವರ್ಕಿಗೆ ಬಿಡದೆ ನಮ್ಮ ಮುಖ್ಯ ಸಿಸ್ಟಮ್‌ನ ಒಂದು ಐಪಿಗೆ ಮಾತ್ರ ಅನುಮತಿ ಕೊಟ್ಟೆವು. ನೀವೂ ಹಾಗೇ ಮಾಡಿ. ಇಂಟರ್ನೆಟ್‌ಗಂತೂ ಬಿಡಲೇಬೇಡಿ.

ಈಗ 31 ನಿಮಿಷ. ಏಳು ಸಿಸ್ಟಮ್ ಸೇರಿ ಉಳಿಸಿದ್ದು ಮೂರು ನಿಮಿಷ ಅಂದರೆ ನಗು ಬರುತ್ತದೆ ಅಲ್ವಾ.

ಡಿಸ್ಟ್‌ಸಿಸಿ ಜೊತೆ ಒಂದು ಮಾನಿಟರ್ ಬರುತ್ತದೆ, ಟೆಕ್ಸ್ಟ್‌ನಲ್ಲಿ ಓಡುವಂಥದ್ದು. ಯಾವ ಫೈಲ್ ಯಾವ ಸಿಸ್ಟಮ್‌ನಲ್ಲಿ ಏನಾಗುತ್ತಿದೆ ಅಂತ ಸೆಕೆಂಡಿಗೊಮ್ಮೆ ತೋರಿಸುತ್ತದೆ. ಅದನ್ನು ತೆರೆದಿಟ್ಟು ಬಿಲ್ಡ್ ಓಡಿಸಿ ಮೂವರೂ ಕ್ರಿಕೆಟ್ ನೋಡುವ ಹಾಗೆ ಕೂತೆವು. ನಮ್ಮದೇ ಕೋಡ್ ಕಂಪೈಲ್ ಆಗುವಾಗ ಏಳೂ ಐಪಿ ಕಾಣುತ್ತಿದ್ದವು. ಓಪನ್‌ಸಿವಿ ಶುರುವಾದ ಕೂಡಲೇ ಬರೀ ಲೋಕಲ್‌ಹೋಸ್ಟ್. ಒಂದೇ ಒಂದು ಫೈಲ್ ಹೊರಗೆ ಹೋಗಲಿಲ್ಲ. 34ರಲ್ಲಿ 25 ನಿಮಿಷ ತಿನ್ನುತ್ತಿದ್ದದ್ದೇ ಓಪನ್‌ಸಿವಿ. ಫಾಲ್‌ಬ್ಯಾಕ್ ಸೊನ್ನೆ ಮಾಡಿ ಓಪನ್‌ಸಿವಿ ಒಂದನ್ನೇ ಓಡಿಸಿದರೂ ಬಿಲ್ಡ್ ನಿಲ್ಲಲಿಲ್ಲ. ಅಂದರೆ ಕಳಿಸಲು ಆಗದೆ ಇಲ್ಲೇ ಮಾಡುತ್ತಿಲ್ಲ, ಇದನ್ನು ಕಳಿಸಲೇಬಾರದು ಅಂತ ಅದೇ ತೀರ್ಮಾನ ಮಾಡುತ್ತಿದೆ.

ಎಲ್ಲಾ ವಿವರ ಬರೆಯುವ ವರ್ಬೋಸ್ ಆನ್ ಮಾಡಿ ಒಂದೇ ಫೈಲನ್ನು ಕೈಯಿಂದ ಕಂಪೈಲ್ ಮಾಡಿದೆ. ಉದ್ದುದ್ದ ಸಾಲುಗಳ ನಡುವೆ ಒಂದು ಕಡೆ ಹೇಳಿತ್ತು: ಮಾರ್ಚ್ ನೇಟಿವ್ ಅನ್ನುವ ಫ್ಲ್ಯಾಗ್ ಈ ಸಿಸ್ಟಮ್‌ಗೇ ಹೊಂದುವ ಕೋಡ್ ತಯಾರಿಸುತ್ತದೆ, ಹಾಗಾಗಿ ಇದು ಇಲ್ಲೇ ಆಗಬೇಕು ಅಂತ.

ಎರಡು ಸಲ ಓದಿದೆ. ಆ ಫ್ಲ್ಯಾಗ್ ನಮ್ಮ ಕಂಪೈಲರ್ ಜಿಸಿಸಿಗೆ ಹೇಳುವುದು ಇಷ್ಟೇ: ಈಗ ನೀನು ಕೂತಿರುವ ಪ್ರಾಸೆಸರ್‌ಗೆ ಯಾವ ಯಾವ ಇನ್‌ಸ್ಟ್ರಕ್ಷನ್ ಗೊತ್ತೋ ಎಲ್ಲಾ ಬಳಸು. ಡಿಸ್ಟ್‌ಸಿಸಿ ಸರಿಯಾಗಿಯೇ ಯೋಚಿಸಿದೆ. ಇದನ್ನು ಕೆಳಗಿನ ಐ3ಗೆ ಕಳಿಸಿದರೆ ಅದು ತನ್ನ ಪ್ರಾಸೆಸರ್ ನೋಡಿ ಕೋಡ್ ಮಾಡುತ್ತದೆ, ಕೋರ್ 2 ಡ್ಯುಯೊ ತನ್ನದನ್ನು ನೋಡಿ ಮಾಡುತ್ತದೆ, ಒಂದೇ ಪ್ರೋಗ್ರಾಮಿನಲ್ಲಿ ಮೂರು ಥರ. ಅದಕ್ಕೇ ಕಳಿಸುವುದಿಲ್ಲ.

ಆದರೆ ನನ್ನ ತಲೆ ಡಿಸ್ಟ್‌ಸಿಸಿ ಬಿಟ್ಟು ಸಿರುಗುಪ್ಪಕ್ಕೆ ಹೋಗಿತ್ತು. ನಮ್ಮ ಐ5ಗೆ ಎವಿಎಕ್ಸ್2 ಅನ್ನುವ ಇನ್‌ಸ್ಟ್ರಕ್ಷನ್‌ಗಳ ಗುಂಪು ಗೊತ್ತಿದೆ. ಆ ಮಿಲ್ಲಿನಲ್ಲಿರುವುದು ಹಳೇ ಪೆಂಟಿಯಂ ಡ್ಯುಯಲ್ ಕೋರ್, ಅದಕ್ಕೆ ಎವಿಎಕ್ಸ್ ಅಂದರೇನೇ ಗೊತ್ತಿಲ್ಲ. ಫೋಟೊ ಒತ್ತಿದ ಕೂಡಲೇ ಓಪನ್‌ಸಿವಿ ಒಳಗೆ ಹೋಗುತ್ತದೆ, ಅರಿಯದ ಇನ್‌ಸ್ಟ್ರಕ್ಷನ್ ಸಿಗುತ್ತದೆ, ಕರ್ನಲ್ ಪ್ರೋಗ್ರಾಮನ್ನು ಕೊಂದು ಹಾಕುತ್ತದೆ. ಡೆಸ್ಕ್‌ಟಾಪ್ ಐಕಾನ್‌ನಿಂದ ಓಡಿಸುವುದರಿಂದ ಸಂದೇಶ ಯಾರಿಗೂ ಕಾಣುವುದಿಲ್ಲ. ಮುಚ್ಕೊಂಡು ಹೋಗ್ತದಣ್ಣ!

ಆ ಫ್ಲ್ಯಾಗ್ ಯಾರು ಹಾಕಿದರು ಅಂತ ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ನೋಡಿದೆವು. ನಾನೇ. ಮಾರ್ಚ್ ತಿಂಗಳಲ್ಲಿ ಫೋಟೊ ಸ್ವಲ್ಪ ಬೇಗ ಬರಲಿ ಅಂತ ಓಪನ್‌ಸಿವಿ ಫೋಲ್ಡರಿಗೆ ಮಾತ್ರ ಸೇರಿಸಿದ್ದೆ. ಮಾರ್ಚ್‌ನಲ್ಲಿ ಮಾರ್ಚ್. ಹುಡುಗ ಏನೂ ಅನ್ನಲಿಲ್ಲ, ಆದರೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸತ್ಯ ಹೇಳಬೇಕಂದರೆ ಆ ಮಿಲ್ಲಿನ ಸಿಸ್ಟಮ್‌ನ ಕರ್ನಲ್ ಲಾಗ್‌ನಲ್ಲಿ ಇನ್‌ವ್ಯಾಲಿಡ್ ಆಪ್‌ಕೋಡ್ (ಅರಿಯದ ಇನ್‌ಸ್ಟ್ರಕ್ಷನ್) ಅಂತ ಮೊದಲ ದಿನವೇ ಬರೆದಿರುತ್ತಿತ್ತು. ಅವತ್ತೇ ಒಂದು ಸಲ ಆ ಲಾಗ್ ತೋರಿಸುವ ಡಿಮೆಸೇಜ್ ಕಮಾಂಡ್ ನೋಡಿಸಿದ್ದರೆ ಇಷ್ಟು ಬಿಲ್ಡ್ ಬೇಕಿರಲಿಲ್ಲ. ಕ್ಯಾಮೆರಾ ಕ್ಯಾಮೆರಾ ಅಂತ ಅದರ ಹಿಂದೆ ಬಿದ್ದಿದ್ದೆವು.

ಫ್ಲ್ಯಾಗ್ ತೆಗೆದೆವು. ಆ ಮಿಲ್ಲಿಗೆ ಅವತ್ತೇ ಸಂಜೆ ಹೊಸ ಬಿಲ್ಡ್ ಕಳಿಸಿದೆವು, ಫೋಟೊ ಬಂತು. ಬಿಲ್ಡ್ 19 ನಿಮಿಷಕ್ಕೆ ಇಳಿಯಿತು.

ಮಿಲ್ಲಿನ ಕೆಲಸ ಮುಗಿದಿದ್ದರೂ ಇಷ್ಟು ದೂರ ಬಂದ ಮೇಲೆ ಬಿಡುವ ಮನಸ್ಸಾಗಲಿಲ್ಲ. ಬಿಲ್ಡ್‌ನ ಔಟ್‌ಪುಟ್ ಪೂರ್ತಿ ಒಂದು ಫೈಲಿಗೆ ಬರೆಸಿ, "ರಿಟ್ರೈಯಿಂಗ್ ಲೋಕಲಿ" (ಇಲ್ಲೇ ಮತ್ತೆ ಮಾಡುತ್ತಿದ್ದೇನೆ) ಅನ್ನುವ ಸಾಲು ಎಷ್ಟಿವೆ ಅಂತ ಗ್ರೆಪ್ ಕಮಾಂಡ್‌ನಿಂದ ಹುಡುಕಿದರೆ, ನಮ್ಮ ಕೋಡಿನ ಎಷ್ಟೋ ಫೈಲುಗಳು ಎರಡೆರಡು ಸಲ ಕಂಪೈಲ್ ಆಗುತ್ತಿವೆ. ಎಲ್ಲವೂ ಎರಡೇ ಐಪಿಗಳಿಂದ. ಹುಡುಗನ ಹತ್ತಿರ ಎರಡು ಪೆನ್‌ಡ್ರೈವ್ ಇದ್ದವು, ಒಂದರಲ್ಲಿ ಉಬುಂಟು 22.04, ಇನ್ನೊಂದರಲ್ಲಿ 20.04. ಎರಡು ಐ3ಗಳಿಗೆ ಹಳೆಯದು ಹೋಗಿತ್ತು. 20.04ರಲ್ಲಿ ಬರುವುದು ಜಿಸಿಸಿ 9, 22.04ರಲ್ಲಿ ಜಿಸಿಸಿ 11. ನಮ್ಮ ಕೋಡ್ ಭಾಷೆಯ ಹೊಸ ಸ್ಟ್ಯಾಂಡರ್ಡ್ ಆದ ಸಿ ಪ್ಲಸ್ ಪ್ಲಸ್ 20 ಕೇಳುತ್ತದೆ, ಆ ಆಯ್ಕೆ ಆ ಹೆಸರಿನಲ್ಲಿ ಬಂದದ್ದು ಜಿಸಿಸಿ 10ರಿಂದ. ಜಿಸಿಸಿ 9 ಇದೇನಿದು ಅಂತ ವಾಪಸ್ ಕಳಿಸುತ್ತದೆ, ಮುಖ್ಯ ಸಿಸ್ಟಮ್ ಪಾಪ ಮತ್ತೆ ಮಾಡುತ್ತದೆ. ಓಪನ್‌ಸಿವಿ ಹಳೇ ಸ್ಟ್ಯಾಂಡರ್ಡ್ ಬಳಸುವುದರಿಂದ ಅದು ಅಲ್ಲಿ ಕಂಪೈಲ್ ಆಗುತ್ತಿತ್ತು, ಅದಕ್ಕೇ ಮಾನಿಟರ್‌ನಲ್ಲಿ ಎಲ್ಲಾ ಚೆನ್ನಾಗಿ ಕಂಡಿತ್ತು. ಎಲ್ಲಾ ಕಡೆ ಒಂದೇ ಕಂಪೈಲರ್ ಇರಬೇಕು ಅನ್ನುವುದನ್ನು ಓದಿದ್ದೆವು, ಇದೆ ಅಂದುಕೊಂಡಿದ್ದೆವು. ಎರಡಕ್ಕೂ 22.04 ಹಾಕಿದ ಮೇಲೆ 17 ನಿಮಿಷ. ಸೂಸೆ ಅನ್ನುವ ಲಿನಕ್ಸ್ ಕಂಪನಿಯವರ ಐಸ್‌ಕ್ರೀಮ್ ಅನ್ನುವ ಪ್ರೋಗ್ರಾಂನಲ್ಲಿ ಈ ತೊಂದರೆ ಇಲ್ಲ, ಅದು ಕಂಪೈಲರನ್ನೇ ಕಟ್ಟಿ ಸಹಾಯಕ ಸಿಸ್ಟಮ್‌ಗೆ ಕಳಿಸುತ್ತದೆ, ಯಾರಿಗೆ ಎಷ್ಟು ಕೆಲಸ ಅಂತ ಹಂಚಲು ಒಂದು ಶೆಡ್ಯೂಲರ್ ಕೂಡ ಇದೆ. ಸಿಸ್ಟಮ್‌ಗಳು ಹತ್ತು ಥರ ಇದ್ದರೆ ಅದೇ ಸರಿ. ನಮಗೆ ಏಳು ಸಿಸ್ಟಮ್‌ಗೆ ಡಿಸ್ಟ್‌ಸಿಸಿ ಸಾಕೆನಿಸಿತು.

ಮುಂದೆ ವೈರ್. ಓಪನ್‌ಸಿವಿ ಹೆಡರ್ ಸೇರಿಸಿಕೊಂಡ ನಮ್ಮ 200 ಸಾಲಿನ ಒಂದು ಫೈಲ್ ಪ್ರೀಪ್ರಾಸೆಸ್ ಆದ ಮೇಲೆ ಲಕ್ಷ ಸಾಲು ದಾಟಿತ್ತು, 3 ಎಂಬಿ ಹತ್ತಿರ. ಇಂಥವು ನೂರಾರು. ಇವೆಲ್ಲ ಮುಖ್ಯ ಸಿಸ್ಟಮ್‌ನ ಒಂದೇ ಕೇಬಲ್‌ನಿಂದ ಹೊರಗೆ ಹೋಗಬೇಕು. ಸೈಬರ್ ಕಾಲದ 16 ಪೋರ್ಟಿನ ಸ್ವಿಚ್ 100 ಎಂಬಿಪಿಎಸ್‌ದು. ಹೊಸ ಗಿಗಾಬಿಟ್ ಸ್ವಿಚ್ ತಂದು ಹಾಕಿದೆವು. ಏನೂ ಬದಲಾಗಲಿಲ್ಲ! ನೆಟ್‌ವರ್ಕ್ ವೇಗ ತೋರಿಸುವ ಈಥ್‌ಟೂಲ್ ಓಡಿಸಿದರೆ ಇನ್ನೂ 100 ಅಂತಲೇ ತೋರಿಸುತ್ತಿದೆ. ಜಾಕ್ ಕಿತ್ತು ಕಿಟಕಿ ಹತ್ತಿರ ಬೆಳಕಿಗೆ ಹಿಡಿದು ನೋಡಿದೆ. ಎಂಟು ತಂತಿ ಇರಬೇಕಾದ ಕಡೆ ನಾಲ್ಕೇ. ಕಿತ್ತಳೆ ಜೋಡಿ, ಹಸಿರು ಜೋಡಿ, ಅಷ್ಟೇ. ನೀಲಿ ಮತ್ತು ಕಂದು ಜೋಡಿಗಳನ್ನು ಅರ್ಧ ಮೀಟರ್ ಹಿಂದೆಯೇ ಸೀಳಿ ಪಕ್ಕದ ಸಿಸ್ಟಮ್‌ಗೆ ಇನ್ನೊಂದು ಜಾಕ್ ಮಾಡಿದ್ದರು. ಒಂದು ಕೇಬಲ್‌ನಲ್ಲಿ ಎರಡು ಸಿಸ್ಟಮ್. ಆ ಕಾಲಕ್ಕೆ ಜಾಣತನವೇ, 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅಣ್ಣನಿಗೆ ತೋರಿಸಿದರೆ, "ಆವಾಗ ಕೇಬಲ್ ಎಷ್ಟು ತುಟ್ಟಿ ಗೊತ್ತೇನು" ಅಂದರು. ಹೊಸ ಕೇಬಲ್ ಎಳೆದು, ಕ್ರಿಂಪ್ ಮಾಡಿ, ಹೋಸ್ಟ್ಸ್ ಫೈಲಿನಲ್ಲಿ ಪ್ರತಿ ಐಪಿ ಮುಂದೆ ಎಲ್‌ಝೆಡ್‌ಓ ಸೇರಿಸಿ ಫೈಲುಗಳನ್ನು ಕುಗ್ಗಿಸಿ ಕಳಿಸುವ ಹಾಗೆ ಮಾಡಿದ ಮೇಲೆ 13 ನಿಮಿಷ.

ಇಲ್ಲಿ ಮಾನಿಟರ್ ಇನ್ನೊಂದು ಚಿತ್ರ ತೋರಿಸಿತು. ಕೊನೆಯ ಒಂದೂವರೆ ನಿಮಿಷ ಐದು ಐ3ಗಳೂ ಖಾಲಿ, ಇಡೀ ಬಿಲ್ಡ್ ಒಂದು ಕೋರ್ 2 ಡ್ಯುಯೊಗಾಗಿ ಕಾಯುತ್ತಿದೆ. ಹೋಸ್ಟ್ಸ್ ಫೈಲಿನಲ್ಲಿ ಸಂಖ್ಯೆ ಕೊಡದಿದ್ದರೆ ಡಿಸ್ಟ್‌ಸಿಸಿ ಒಂದು ಸಿಸ್ಟಮ್‌ಗೆ ಒಟ್ಟಿಗೆ ನಾಲ್ಕು ಕೆಲಸ ಕೊಡುತ್ತದೆ. 2 ಜಿಬಿ ರಾಮ್‌ನ ಸಿಸ್ಟಮ್‌ಗೆ ನಾಲ್ಕು ದಪ್ಪ ಫೈಲ್ ಬಿದ್ದರೆ ರಾಮ್ ಸಾಲದೆ ಸ್ವಾಪ್‌ಗೆ, ಅಂದರೆ ಡಿಸ್ಕಿನ ಜಾಗಕ್ಕೆ, ಹೋಗಿ ಹಾರ್ಡ್‌ಡಿಸ್ಕ್ ಕರಕರ ಅನ್ನುತ್ತಾ ಕೂರುತ್ತದೆ. ಒಂದು ಕೆಲಸ ಮಾತ್ರ ಕೊಟ್ಟು ನೋಡಿದೆವು, ಆಗಲೂ ನಿಧಾನ. ಎರಡನ್ನೂ ಪಟ್ಟಿಯಿಂದ ತೆಗೆದೆವು. ಸಿಸ್ಟಮ್ ಕಡಿಮೆ ಮಾಡಿದ್ದಕ್ಕೆ ಬಿಲ್ಡ್ ಬೇಗ ಮುಗಿಯಿತು ಅಂದರೆ ಅಣ್ಣ ನಂಬಲೇ ಇಲ್ಲ.

ಐ3ಗಳಲ್ಲೂ ಒಂದು ಮಾತ್ರ ಯಾವಾಗಲೂ ಹಿಂದೆ. ಸೆನ್ಸರ್ಸ್ ಕಮಾಂಡ್ ನೋಡಿದರೆ 95 ಡಿಗ್ರಿ ಹತ್ತಿರ, ಪ್ರಾಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಹೀಟ್‌ಸಿಂಕ್ ಬಿಚ್ಚಿದರೆ ರೆಕ್ಕೆಗಳ ನಡುವೆ ಕೆಂಪು ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಒಂದು ಚೂರು ಎತ್ತಿದರೆ ಇಡೀ ಪದರ ಎದ್ದು ಬಂತು, ಹಪ್ಪಳದ ಹಾಗೆ. ಬಳ್ಳಾರಿಯವರಿಗೆ ಆ ಬಣ್ಣದ ಬಗ್ಗೆ ಹೇಳಬೇಕಿಲ್ಲ. ಬ್ಲೋವರ್ ಹಿಡಿದು, ಹೊಸ ಪೇಸ್ಟ್ ಹಚ್ಚಿ ಐದನ್ನೂ ಸ್ವಚ್ಛ ಮಾಡಿದೆವು. 11 ನಿಮಿಷ.

ಅಲ್ಲಿಂದ ಕೆಳಗೆ ಇಳಿಯಲಿಲ್ಲ. ಈಗ ನಾದುವವಳೇ ಸಾಲುತ್ತಿಲ್ಲ. ಮುಖ್ಯ ಸಿಸ್ಟಮ್‌ನ ನಾಲ್ಕೂ ಕೋರ್ ಪ್ರೀಪ್ರಾಸೆಸ್ ಮಾಡುವುದರಲ್ಲೇ ತುಂಬಿವೆ, ಇನ್ನು ಹತ್ತು ಸಿಸ್ಟಮ್ ತಂದರೂ ಹೆಂಚು ಖಾಲಿ ಬಿಸಿಯಾಗುತ್ತದೆ ಅಷ್ಟೇ. ಪ್ರೀಪ್ರಾಸೆಸ್ ಕೆಲಸವನ್ನೂ ಹೊರಗೆ ಕಳಿಸುವ ಪಂಪ್ ಮೋಡ್ ಅಂತ ಒಂದಿದೆ. ಬಿಲ್ಡ್ ನಡೆಯುವಾಗ ಹೆಡರ್‌ಗಳು ಬದಲಾಗುವುದಿಲ್ಲ ಅಂತ ಅದು ನಂಬಿಕೊಂಡು ಓಡುತ್ತದೆ. ನಮ್ಮಲ್ಲಿ ಕೆಲವು ಹೆಡರ್‌ಗಳು ಬಿಲ್ಡ್ ಮಧ್ಯೆಯೇ ಹುಟ್ಟುತ್ತವೆ. ಒಂದು ಸಂಜೆ ಒದ್ದಾಡಿ ಬಿಟ್ಟೆವು. ಅದರ ಬದಲು ಕಂಪೈಲ್ ಆದದ್ದನ್ನು ಉಳಿಸಿಡುವ ಸಿಕ್ಯಾಶ್ ಹಾಕಿದೆವು. ಲಾಂಚರ್ ಜಾಗದಲ್ಲಿ ಸಿಕ್ಯಾಶ್, ಅದರ ಪ್ರಿಫಿಕ್ಸ್ ಅಂತ ಡಿಸ್ಟ್‌ಸಿಸಿ. ಒಮ್ಮೆ ಸುಟ್ಟ ರೊಟ್ಟಿಯನ್ನು ಮತ್ತೆ ಸುಡುವುದಿಲ್ಲ, ಹೊಸದು ಮಾತ್ರ ಹೊರಗೆ ಹೋಗುತ್ತದೆ. ನಮ್ಮ ಕೋಡಿನಲ್ಲಿ ನಾಲ್ಕಾರು ಫೈಲ್ ಬದಲಿಸಿ ಪೂರ್ತಿ ಬಿಲ್ಡ್ ಮಾಡಿದರೆ ಈಗ ಎರಡು ನಿಮಿಷದೊಳಗೆ. ಇದನ್ನೇ ಮೊದಲ ದಿನ ಹಾಕಬೇಕಿತ್ತು ಅಂತ ನೀವು ಅನ್ನಬಹುದು. ಅರ್ಧ ನಿಜ. ನಾವು ಆಗ ಓಪನ್‌ಸಿವಿಯ ಆಯ್ಕೆಗಳನ್ನೇ ಬದಲಿಸುತ್ತಿದ್ದೆವು. ಕಂಪೈಲ್ ಆಯ್ಕೆ ಬದಲಾದರೆ ಸಿಕ್ಯಾಶ್‌ಗೆ ಅದು ಹೊಸ ರೊಟ್ಟಿಯೇ.

ಉಳಿದದ್ದು ಕರೆಂಟ್. ಮುಖ್ಯ ಸಿಸ್ಟಮ್ ಮತ್ತು ಸ್ವಿಚ್ ಯುಪಿಎಸ್ ಮೇಲಿವೆ, ಐ3ಗಳು ಇಲ್ಲ. ಬಿಲ್ಡ್ ಮಧ್ಯೆ ಕರೆಂಟ್ ಹೋದರೆ ಅಲ್ಲಿಗೆ ಹೋದ ಫೈಲುಗಳು ಅಲ್ಲೇ. ಇತ್ತ ಡಿಸ್ಟ್‌ಸಿಸಿ ಉತ್ತರ ಬರುತ್ತದೆ ಅಂತ ಕಾಯುತ್ತದೆ, ಡಿಫಾಲ್ಟ್ 300 ಸೆಕೆಂಡ್. ಐದು ನಿಮಿಷ ಎಲ್ಲಾ ನಿಂತ ಹಾಗೆ ಕಂಡು ನಾವು ಕಂಟ್ರೋಲ್ ಸಿ ಒತ್ತಿ ಬಿಲ್ಡ್ ನಿಲ್ಲಿಸಿದ್ದೂ ಇದೆ. ಐಒ ಟೈಮ್‌ಔಟ್ 60ಕ್ಕೆ ಇಳಿಸಿದೆವು, ನಮ್ಮಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ತಗೊಳ್ಳುವ ಫೈಲ್ ಇಲ್ಲ. ಕರೆಂಟ್ ವಾಪಸ್ ಬಂದಾಗ ಐಪಿಗಳು ಅದಲುಬದಲಾಗುತ್ತಿದ್ದವು, ರೂಟರ್‌ನಲ್ಲಿ ಖಾಯಂ ಮಾಡಿಸಿದೆವು.

ಸಂಜೆ ಏಳಕ್ಕೆ ಅಣ್ಣ ಅಂಗಡಿ ಮುಚ್ಚುವಾಗ ಕೆಳಗಿನ ಮೇನ್ ಸ್ವಿಚ್ ಇಳಿಸಿ ಹೋಗುತ್ತಾರೆ, ಹೇಳದೆ. ಅದಕ್ಕೆ ಹುಡುಗ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದಾನೆ. ಬಿಲ್ಡ್‌ಗೆ ಮುಂಚೆ ಐದು ಐಪಿಗಳ 3632 ಪೋರ್ಟ್ ತಟ್ಟಿ ನೋಡುತ್ತದೆ, ಜಿಸಿಸಿ ಆವೃತ್ತಿ ಒಂದೇನಾ ನೋಡುತ್ತದೆ, ಎದ್ದಿರುವವರ ಹೆಸರು ಮಾತ್ರ ಹೋಸ್ಟ್ಸ್ ಫೈಲಿಗೆ ಬರೆಯುತ್ತದೆ, ಎಷ್ಟು ಜನ ಅಂತ ಸ್ಕ್ರೀನ್ ಮೇಲೆ ದಪ್ಪ ಅಕ್ಷರದಲ್ಲಿ ತೋರಿಸುತ್ತದೆ. ಮಾರ್ಚ್ ನೇಟಿವ್ ಎಲ್ಲಾದರೂ ಕಂಡರೆ ಬಿಲ್ಡನ್ನೇ ನಿಲ್ಲಿಸಿ, "ಅಣ್ಣಾ, ಮತ್ತೆ ನೀವೇನಾ?" ಅಂತ ಬರೆಯುತ್ತದೆ.